ಹರಾಜು ಜಯಶೀಲನ ಅಕ್ಕ

ಚಾಮರಾಜಪೇಟೆಯ ಕನ್ನಡ ಚರ್ಚಿನಲ್ಲಿ ಸುಗ್ಗಿ ಹಬ್ಬ ಬಂತೆಂದರೆ ಜನ ಮೊದಲು ವಿಚಾರಿಸುವುದು ಉಪದೇಶ ಯಾರದು ಎಂದಲ್ಲ, ಹರಾಜು ಯಾರದು ಎಂದು. ಹಾಗೆ ವಿಚಾರಿಸುವ ಅಗತ್ಯವೂ ಇಲ್ಲ. ಮೂವತ್ತೆರಡು ವರ್ಷದಿಂದ ಹರಾಜು ಜಯಶೀಲನದೇ. ವಯಸ್ಸು ಎಪ್ಪತ್ತನಾಲ್ಕು, ಮೊಣಕಾಲಿಗೆ ಎರಡು ಬಿಗಿಪಟ್ಟಿ, ಬಾಯಿಗೆ ಮಾತ್ರ ಒಂದೂ ಇಲ್ಲ. ಇಷ್ಟು ವಯಸ್ಸಾದವನನ್ನು ಬಹುವಚನದಲ್ಲಿ ಹೇಳಬೇಕು, ನಿಜ. ಆದರೆ ಜಯಶೀಲನನ್ನು 'ಅವರು' ಅಂದರೆ ಬೆನ್ನ ಹಿಂದೆ ಯಾರೋ ದೊಡ್ಡವರು ನಿಂತಿದ್ದಾರೆಂದು ಅವನೇ ತಿರುಗಿ ನೋಡುತ್ತಾನೆ.

ಸುಗ್ಗಿ ಹಬ್ಬ ಗೊತ್ತಿಲ್ಲದವರಿಗೆ ಒಂದು ಮಾತು. ಹೊಲದ ಮೊದಲ ಬೆಳೆಯನ್ನು ದೇವರ ಮುಂದೆ ತಂದಿಡುವ ಪದ್ಧತಿ ಅದು. ಪೇಟೆಗೆ ಬಂದ ಮೇಲೆ ಹೊಲ ಹೋಯಿತು, ಪದ್ಧತಿ ಉಳಿಯಿತು. ಕುಂಡದಲ್ಲಿ ಬಿಟ್ಟ ಎರಡು ನಿಂಬೆಹಣ್ಣು, ಮಾಳಿಗೆಯ ಮೇಲೆ ಸಾಕಿದ ಹುಂಜ, ಮನೆಯಲ್ಲಿ ಮಾಡಿದ ಕೇಕು, ಸ್ವಂತ ಕೈಯ ಕೆಲಸ ಏನಾದರೂ ಸರಿ. ಬೆಳಗ್ಗೆ ಆರಾಧನೆ, ಆಮೇಲೆ ಎಲ್ಲರೂ ಮೇಜಿನ ಹತ್ತಿರ ಹೋಗಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಕರ್ತನ ಭೋಜನ. ಅದಾದ ಮೇಲೆ ಶಾಮಿಯಾನದಡಿ ಎಲ್ಲವನ್ನೂ ಹರಾಜು ಹಾಕಿ ಬಂದದ್ದನ್ನು ಬಡವರ ನಿಧಿಗೆ ಸೇರಿಸುತ್ತಾರೆ. ಒಂದು ವರ್ಷ ಒಂದೇ ಒಂದು ನಾಟಿ ಕೋಳಿಮೊಟ್ಟೆಯನ್ನು ಜಯಶೀಲ ಒಂಬತ್ತು ಸಲ ಮಾರಿದ. ಕೊಂಡವರೆಲ್ಲ ಅದನ್ನು ವಾಪಸ್ ಕಾಣಿಕೆ ಕೊಡುತ್ತಾ ಹೋದರು, ಇವನು ಮತ್ತೆ ಕೂಗುತ್ತಾ ಹೋದ. ಕೊನೆಗೆ ಮೊಟ್ಟೆ ಕೈಜಾರಿ ಒಡೆಯಿತು, ಇಲ್ಲದಿದ್ದರೆ ಇವತ್ತಿಗೂ ಮಾರುತ್ತಿದ್ದನೋ ಏನೋ.

ಈ ವಿದ್ಯೆ ಅವನಿಗೆ ಬಂದದ್ದು ನಗರ್ತಪೇಟೆಯಿಂದ. ಅಲ್ಲಿನ ಒಂದು ಸೀರೆ ಅಂಗಡಿಯಲ್ಲಿ ನಲವತ್ತೊಂದು ವರ್ಷ ಗಾದಿಯ ಮೇಲೆ ಕೂತು ಸೀರೆ ಬಿಚ್ಚಿ ತೋರಿಸಿದವನು. ಗಿರಾಕಿ ಚಪ್ಪಲಿ ಬಿಡುವ ರೀತಿ ನೋಡಿಯೇ ಎಷ್ಟರ ತನಕ ಬರುತ್ತಾರೆಂದು ಹೇಳಿಬಿಡುತ್ತಿದ್ದ. ಪ್ರತಿ ವಸ್ತುವಿಗೂ ಒಂದು ರೇಟು ಇದೆ, ಪ್ರತಿ ಮನುಷ್ಯನಿಗೂ ಒಂದು ಮಣಿಯುವ ಜಾಗ ಇದೆ. ಇದು ಅವನ ವೇದಾಂತ. ಭಾನುವಾರ ಚರ್ಚಿನಲ್ಲಿ ಕೇಳಿದ್ದಕ್ಕೂ ಇದಕ್ಕೂ ತಾಳೆಯಾಗುವುದಿಲ್ಲವಲ್ಲ ಎಂದು ಅವನು ತಲೆ ಕೆಡಿಸಿಕೊಂಡವನಲ್ಲ.

ಇಂಥ ಜಯಶೀಲ ಹತ್ತೊಂಬತ್ತು ವರ್ಷದಿಂದ ಕರ್ತನ ಭೋಜನ ತೆಗೆದುಕೊಂಡಿರಲಿಲ್ಲ. ರೊಟ್ಟಿ ಮುರಿಯುವ ಹೊತ್ತಿಗೆ ಸರಿಯಾಗಿ ಅವನಿಗೆ ಕೆಮ್ಮು ಬರುತ್ತಿತ್ತು. ಎದ್ದು ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದ, ಕಡೆಯ ಕೀರ್ತನೆಗೆ ಒಳಗೆ ಬರುತ್ತಿದ್ದ. ಐದು ಜನ ಪಾದ್ರಿ ಅಯ್ಯನವರು ಬಂದು ಹೋದರು, ಐವರೂ ಕೇಳಿದರು, ಐವರಿಗೂ ಕೆಮ್ಮಿನ ಕತೆಯನ್ನೇ ಹೇಳಿದ. ನಿಜ ಬೇರೆ. ನಿನ್ನ ಮೇಲೆ ಒಡಹುಟ್ಟಿದವರಿಗೆ ಬೇಸರವಿದ್ದರೆ ಮೊದಲು ಹೋಗಿ ಅವರ ಹತ್ತಿರ ಸರಿ ಮಾಡಿಕೊಂಡು ಬಾ, ಆಮೇಲೆ ನಿನ್ನ ಕಾಣಿಕೆ ಎಂದು ಬೈಬಲಿನಲ್ಲಿ ಸ್ವಾಮಿಯೇ ಕಟ್ಟಳೆ ಹಾಕಿಬಿಟ್ಟಿದ್ದಾನೆ. ಎಲ್ಲದರಲ್ಲೂ ಸ್ವಲ್ಪ ಹೆಚ್ಚುಕಮ್ಮಿ ಮಾಡುವ ಜಯಶೀಲನಿಗೆ ಇದೊಂದರಲ್ಲಿ ಮೋಸ ಮಾಡಲು ಕೈ ಬರಲಿಲ್ಲ. ಅವನಿಗೆ ಒಡಹುಟ್ಟಿದವಳು ಒಬ್ಬಳೇ, ಅಕ್ಕ ಎಸ್ತೇರಮ್ಮ. ಆ ಅಕ್ಕನ ಮನಸ್ಸನ್ನು ಅವನು ಮುರಿದಿದ್ದ, ಅದೂ ಮುನ್ನೂರು ಜನರ ಎದುರಿಗೆ.

ಆಗಿದ್ದು ಇಷ್ಟು. ಆ ವರ್ಷದ ಸುಗ್ಗಿ ಹಬ್ಬಕ್ಕೆ ಅಕ್ಕ ಒಂದು ಕೌದಿ ತಂದಿದ್ದಳು. ಅವಳು ಶಾಲೆಯ ಮಕ್ಕಳಿಗೆ ಯೂನಿಫಾರಂ ಹೊಲಿಯುವವಳು. ಉಳಿದ ತುಂಡುಗಳನ್ನೆಲ್ಲ ಜೋಡಿಸಿ ನಾಲ್ಕು ತಿಂಗಳು ಕೂತು ಕೈಹೊಲಿಗೆಯಲ್ಲಿ ಮಾಡಿದ ಕೌದಿ ಅದು. ಶಾಮಿಯಾನದಡಿ ಬಿಸಿಲು ಏರಿತ್ತು, ಜನ ಆಕಳಿಸುತ್ತಿದ್ದರು. ಜಯಶೀಲ ಕೌದಿಯನ್ನು ಅಂಗಡಿಯ ಶೈಲಿಯಲ್ಲಿ ಝಾಡಿಸಿ ಬಿಚ್ಚಿದ.

"ನೋಡಿ ಸ್ವಾಮಿ, ನಮ್ಮಕ್ಕನ ಕೌದಿ. ಇದನ್ನ ಹೊದ್ಕೊಂಡ್ರೆ ಸ್ವೆಟರ್ ಬೇಡ, ಹೀಟರ್ ಬೇಡ, ಗಂಡಾನೂ ಬೇಡ. ಗ್ಯಾರಂಟಿ ಬೇಕಾ? ಅಲ್ಲಿ ಕೂತಿದಾಳೆ ನೋಡಿ, ಅರವತ್ತೆರಡು ವರ್ಷದ ಗ್ಯಾರಂಟಿ."

ಶಾಮಿಯಾನ ಹಾರಿಹೋಗುವಂತೆ ಜನ ನಕ್ಕರು. ಗಂಡಸರು ತೊಡೆ ತಟ್ಟಿಕೊಂಡರು, ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ನಗುವಿನ ಬಿಸಿಯಲ್ಲಿ ರೇಟು ಏರಿತು. ಕೌದಿ ಆ ವರ್ಷದ ಎಲ್ಲ ಕಾಣಿಕೆಗಳಿಗಿಂತ ಹೆಚ್ಚಿಗೆ ಹೋಯಿತು. ಜಯಶೀಲ ಹಿಗ್ಗಿನಿಂದ ಅಕ್ಕ ಕೂತಿದ್ದ ಕಡೆ ತಿರುಗಿದಾಗ ಕುರ್ಚಿ ಖಾಲಿ.

ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಇವನು ಎರಡನ್ನೂ ಒಂದೇ ಏಟಿಗೆ ಮಾಡಿದ್ದ. ಆ ಮಾತನ್ನು ಲೋಕದಲ್ಲಿ ಯಾರು ಬೇಕಾದರೂ ಆಡಬಹುದಿತ್ತು, ಅವನು ಆಡಬಾರದಿತ್ತು. ಯಾಕೆಂದರೆ ಎಸ್ತೇರಮ್ಮ ಮದುವೆಯಾಗದೆ ಉಳಿದದ್ದು ಈ ಮಹಾರಾಯನಿಗಾಗಿ.

ಅವನಿಗೆ ಐದು ವರ್ಷವಿದ್ದಾಗ ತಾಯಿ ಹೋದಳು, ಒಂಬತ್ತಕ್ಕೆ ಗಿರಣಿ ಕೆಲಸದ ತಂದೆಯೂ ಹೋದ. ಅಕ್ಕನಿಗೆ ಆಗ ಹದಿನಾರು. ಚಾಮರಾಜಪೇಟೆಯ ಎಂಟು ಮನೆಯ ವಠಾರ, ಮಧ್ಯೆ ಒಂದು ಕೊಳಾಯಿ. ಅಕ್ಕ ಒಂದು ಹೊಲಿಗೆ ಯಂತ್ರವನ್ನು ಬಾಡಿಗೆಗೆ ತಂದು ಕಿಟಕಿಯ ಕೆಳಗೆ ಇಟ್ಟಳು. ಆಗಿನ ಬೆಳಗುಗಳು ಜಯಶೀಲನಿಗೆ ಇವತ್ತಿಗೂ ಕಿವಿಯಲ್ಲಿವೆ: ಕೊಡಗಳ ಸದ್ದು, ಬೀದಿಯಲ್ಲಿ ಸೊಪ್ಪಿನವಳ ಕೂಗು, ಎಲ್ಲದರ ಅಡಿಯಲ್ಲಿ ಯಂತ್ರದ ಕಟಕಟ. ಮೂಲೆಯ ಅಂಗಡಿಯಲ್ಲಿ ಕಾಫಿಬೀಜ ಹುರಿದರೆ ಬೀದಿಗೆ ಬೀದಿಯೇ ಘಮ್ಮೆನ್ನುತ್ತಿತ್ತು. ರಾಮನವಮಿಗೆ ಎಂಟು ಮನೆಯಲ್ಲಿ ಏಳು ಮನೆಯಿಂದ ಪಾನಕ ಕೋಸಂಬರಿ ಬರುತ್ತಿತ್ತು, ಕ್ರಿಸ್‌ಮಸ್ಸಿಗೆ ಅಕ್ಕ ಏಳು ತಟ್ಟೆ ಕಲಕಲ ಎಂಬ ಕರಿದ ಸಿಹಿತಿಂಡಿ ತುಂಬಿ ಕಳಿಸುತ್ತಿದ್ದಳು. ತಟ್ಟೆ ಹೊತ್ತು ಓಡುವುದು ಜಯಶೀಲನ ಕೆಲಸ. ದಾರಿಯಲ್ಲಿ ಪ್ರತಿ ತಟ್ಟೆಯಿಂದ ಎರಡೆರಡು ತಿನ್ನುವುದೂ ಅವನದೇ ಕೆಲಸ. ಅಕ್ಕನಿಗೆ ಅದು ಗೊತ್ತಿತ್ತು. ಅದಕ್ಕೇ ಪ್ರತಿ ತಟ್ಟೆಗೂ ಎರಡು ಹೆಚ್ಚು ಹಾಕಿರುತ್ತಿದ್ದಳು.

ಅವನಿಗೆ ಹದಿಮೂರಿದ್ದಾಗ ತುಮಕೂರಿನಿಂದ ಒಂದು ಸಂಬಂಧ ಬಂತು. ಹುಡುಗ ಶಾಲಾಮಾಸ್ತರು, ಒಳ್ಳೆಯ ಜನ. ಜಯಶೀಲ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ. ಅಕ್ಕ ಕೇಳಿದ್ದು ಒಂದೇ ಮಾತು: "ನನ್ನ ತಮ್ಮನೂ ನನ್ನ ಜೊತೆ ಬರ್ತಾನೆ, ಆಗಬಹುದಾ?" ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಮ್ಮನನ್ನು ಬೋರ್ಡಿಂಗಿಗೆ ಸೇರಿಸೋಣ ಅಂದರು. ಅಕ್ಕ ಕಾಫಿ ಕೊಟ್ಟು ಕಳಿಸಿದಳು. ಆಮೇಲೆ ಬಾಗಿಲ ಹಿಂದಿನಿಂದ ಅವನನ್ನು ಎಳೆದು, "ಹೋಗು, ಶಾಲೆಗೆ ಹೊತ್ತಾಯ್ತು" ಅಂದಳು. ಆ ಮನೆಗೆ ಇನ್ನೊಂದು ಸಂಬಂಧ ಬರಲಿಲ್ಲ. ಬಂದಿದ್ದರೂ ಅಕ್ಕ ಹೇಳುತ್ತಿರಲಿಲ್ಲ.

ಇಷ್ಟೆಲ್ಲ ಗೊತ್ತಿದ್ದವನು ಅವತ್ತು ಸಾಯಂಕಾಲವೇ ಹೋಗಿ ಕಾಲು ಹಿಡಿಯಬೇಕಿತ್ತು. ಹೋಗಲಿಲ್ಲ. 'ನನ್ನ ಮಾತಿನಿಂದ ತಾನೇ ಅಷ್ಟು ರೇಟು ಬಂದಿದ್ದು' ಎಂದು ತನಗೆ ತಾನೇ ಹೇಳಿಕೊಂಡ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ. ಒಂದು ವಾರ ಕಳೆದ ಮೇಲೆ ನಾಚಿಕೆ ಬಂತು, ತಿಂಗಳು ಕಳೆದ ಮೇಲೆ ಹೆದರಿಕೆ ಬಂತು. ಅಷ್ಟರಲ್ಲಿ ಅಕ್ಕ ಬೆಳಗ್ಗೆ ಏಳು ಗಂಟೆಯ ಆರಾಧನೆಗೆ ಹೋಗತೊಡಗಿದ್ದಳು, ಇವನು ಒಂಬತ್ತೂವರೆಯದಕ್ಕೇ ಉಳಿದ. ಒಂದೇ ಚರ್ಚು, ಒಂದೇ ಬೆಂಚು, ಆದರೆ ಮುಖ ನೋಡುವ ಪ್ರಸಂಗವಿಲ್ಲ. ಸುಗ್ಗಿ ಹಬ್ಬದ ದಿನ ಎರಡೂ ಆರಾಧನೆ ಒಂದಾಗುತ್ತವೆ. ಅವತ್ತು ಅವಳು ಭೋಜನ ತೆಗೆದುಕೊಂಡು ಹರಾಜಿಗೆ ಮೊದಲೇ ಮನೆಗೆ ಹೊರಟುಬಿಡುತ್ತಿದ್ದಳು.

ಆಗ ಜಯಶೀಲನಿಗೆ ಗೊತ್ತಿದ್ದ ಒಂದೇ ವಿದ್ಯೆ ನೆನಪಾಯಿತು. ಮೊದಲು ಅಂಗಡಿಯಿಂದ ಒಂದು ಮೈಸೂರು ರೇಷ್ಮೆ ಸೀರೆ ಕಳಿಸಿದ. ತಲುಪಿಸಿದ್ದು ಆಟೋ ದಾಸಪ್ಪ. ಅರ್ಧ ಗಂಟೆಯಲ್ಲಿ ಅದೇ ಆಟೋದಲ್ಲಿ ಸೀರೆ ವಾಪಸ್ ಬಂತು, ಚೀಟಿ ಇಲ್ಲ, ಮಾತಿಲ್ಲ. ಗಿರಾಕಿ ಮೊದಲ ರೇಟಿಗೆ ಒಪ್ಪುವುದಿಲ್ಲ, ಸಹಜ. ಮರುವರ್ಷ ಮಿಕ್ಸಿ ಕಳಿಸಿದ. ಅದೂ ಬಂತು. ಒಮ್ಮೆ ಒಂದು ಸ್ಟೀಲ್ ಬೀರುವನ್ನೇ ಕೂಲಿಗಳ ತಲೆ ಮೇಲೆ ಹೊರಿಸಿದ. ವಠಾರದ ಬಾಗಿಲಿನಿಂದ ಬೀರು ಹಾಗೇ ಹಿಂದೆ ತಿರುಗಿತು, ಕೂಲಿಗಳು ಎರಡು ಕಡೆಯದೂ ವಸೂಲು ಮಾಡಿದರು. ಅಕ್ಕನ ಕಣ್ಣಿಗೆ ಪೊರೆ ಬಂದಿದೆಯೆಂದು ಕೇಳಿ ಆಸ್ಪತ್ರೆಗೆ ಮುಂಗಡ ಕಟ್ಟಿದ. ಅವಳು ಉಚಿತ ಶಿಬಿರಕ್ಕೆ ಹೋಗಿ ಕಣ್ಣು ಮಾಡಿಸಿಕೊಂಡು ಬಂದಳು. ಕೌದಿಯನ್ನಾದರೂ ತಂದುಕೊಡೋಣವೆಂದು ಕೊಂಡವರನ್ನು ಹುಡುಕಿ ಮೂರು ಪಟ್ಟು ಕೊಡುತ್ತೇನೆಂದ. ಮನೆ ಬದಲಾಯಿಸುವಾಗ ಎಲ್ಲೋ ಹೋಯಿತು ಅಂದರು ಅವರು.

ಆರು ವರ್ಷದ ಹಿಂದೆ ಅವನ ಹೆಂಡತಿ ತೀರಿಕೊಂಡಾಗ ಅಕ್ಕ ಬಂದಿದ್ದಳು. ಹೆಂಗಸರ ಜೊತೆ ಸೇರಿ ನಾದಿನಿಗೆ ಸ್ನಾನ ಮಾಡಿಸಿ, ಬಿಳಿ ಸೀರೆ ಉಡಿಸಿ, ತಲೆ ಬಾಚಿದಳು. ಜಯಶೀಲ ಕಂಬಕ್ಕೆ ಒರಗಿ ನೋಡುತ್ತಿದ್ದ. ಹೊರಡುವಾಗ ಅವಳು ಅವನ ಮುಂದೆ ಒಂದು ಗಳಿಗೆ ನಿಂತಳು. ಮುನ್ನೂರು ಜನರನ್ನು ನಗಿಸುವ ಬಾಯಿಂದ ಒಂದು ಅಕ್ಷರ ಹೊರಡಲಿಲ್ಲ. ಅವಳು ಚಪ್ಪಲಿ ಹಾಕಿಕೊಂಡು ಹೋದಳು. ಅವತ್ತು ಅವನು ಅತ್ತದ್ದು ಹೆಂಡತಿಗೆ ಎಷ್ಟೋ ಅಕ್ಕನಿಗೆ ಎಷ್ಟೋ, ದೇವರಿಗೇ ಗೊತ್ತು.

ಈ ವರ್ಷ ಅಕ್ಕನಿಗೆ ಕಿವಿ ಮಂದವಾಗಿದೆಯೆಂಬ ಸುದ್ದಿ ಬಂತು. ಜಯಶೀಲ ಹಿಂದೆಮುಂದೆ ನೋಡದೆ ಬ್ಯಾಂಕಿನ ಠೇವಣಿ ಮುರಿಸಿ, ಇದ್ದದ್ದರಲ್ಲೇ ಉತ್ತಮವಾದ ಕಿವಿಯ ಮಷೀನು ಕೊಂಡು ಕಳಿಸಿದ. ಮೂರನೇ ದಿನ ಅದು ವಾಪಸ್ ಬಂತು. ಈ ಸಲ ದಾಸಪ್ಪನ ಕೈಯಲ್ಲಲ್ಲ, ಗೋದಾ ಅವರ ಕೈಯಲ್ಲಿ. ಗೋದಾ ಅದೇ ವಠಾರದವರು, ನಿವೃತ್ತ ಟೀಚರು, ಅಕ್ಕನ ಐವತ್ತು ವರ್ಷದ ಗೆಳತಿ. ಗಾಂಧಿ ಬಜಾರಿನ ಹಿಂದಿನ ಬೀದಿಯ ಅವನ ಮನೆಗೆ ಬಂದು, ಡಬ್ಬಿಯನ್ನು ಮೇಜಿನ ಮೇಲಿಟ್ಟು, ಕಾಫಿಯನ್ನೂ ಬೇಡವೆಂದರು.

"ಯಾಕೆ, ಸೈಜ್ ಸರಿ ಹೋಗ್ಲಿಲ್ವಾ?" ಎಂದ ಜಯಶೀಲ. ಅಂಗಡಿಯ ಅಭ್ಯಾಸ.

"ಸೈಜ್ ಸರಿಯಾಗಿದೆ. ಹಾಕ್ಕೊಳ್ಳಿ ಎಸ್ತೇರಮ್ಮ ಅಂದೆ. ಕೇಳಬೇಕಾದ್ದನ್ನ ಹೇಳೋರೇ ಇಲ್ವಲ್ಲ, ಮಷೀನ್ ಇಟ್ಕೊಂಡು ಏನ್ ಕೇಳ್ಲಿ ಅಂದ್ರು."

ಜಯಶೀಲ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದ.

"ನೀವು ಕೊಂಕಣ ಸುತ್ತಿ ಮೈಲಾರಕ್ಕೆ ಬರೋ ಪೈಕಿ ಜಯಶೀಲಪ್ಪ," ಎಂದರು ಗೋದಾ. "ರೇಟ್ ಏರಿಸ್ತಾ ಹೋದ್ರೆ ಒಂದಿನ ಅಕ್ಕ ಒಪ್ತಾರೆ ಅಂದ್ಕೊಂಡಿದೀರ. ಆ ಕೌದಿ ಅಂಚಿಗೆ ಏನಿತ್ತು ಗೊತ್ತಾ ನಿಮಗೆ? ನಿಮ್ಮ ತಾಯಿ ಸೀರೆ. ಇದ್ದಿದ್ದೇ ಒಂದು. ಬಟ್ಟೆ ವ್ಯಾಪಾರದೋರು ನೀವು, ಝಾಡಿಸಿ ತೋರಿಸಿದ್ರಿ, ನೋಡ್ಲಿಲ್ಲ."

ಅವನ ಮುಖ ಕಪ್ಪಿಟ್ಟಿತು. ನೀಲಿ ಅಂಚು ನೆನಪಾಯಿತು. ನಿಜ, ನೋಡಿದ್ದ. ನೋಡಿಯೂ ಗುರುತು ಹಿಡಿಯಲಿಲ್ಲ.

"ಬಲಗಿವಿ ಪೂರ್ತಿ ಹೋಗಿದೆ," ಗೋದಾ ಎದ್ದು ನಿಂತರು. "ಎಡಗಿವಿದೂ ಮುಂದಿನ ವರ್ಷಕ್ಕೆ ಇರಲ್ಲ ಅಂದಿದಾರೆ ಡಾಕ್ಟ್ರು. ಆಮೇಲೆ ಮಷೀನಿಗೂ ಬಗ್ಗಲ್ವಂತೆ. ಹೇಳೋದಿದ್ರೆ ಈಗ ಹೇಳಿ. ಆಮೇಲೆ ಎದುರಿಗೆ ನಿಂತು ಬಾಯಿ ಆಡಿಸ್ತೀರ, ಅವರಿಗೆ ನಿಮ್ಮ ಮೀಸೆ ಅಲ್ಲಾಡೋದು ಕಾಣುತ್ತೆ ಅಷ್ಟೆ."

ಅವತ್ತು ಶನಿವಾರ, ಮರುದಿನ ಸುಗ್ಗಿ ಹಬ್ಬ. ಗೋದಾ ಹೋದ ಮೇಲೆ ಜಯಶೀಲ ಬಹಳ ಹೊತ್ತು ಡಬ್ಬಿಯ ಮುಂದೆ ಕೂತ. ಪ್ರಾರ್ಥನೆ ಮಾಡೋಣವೆಂದು ಕಣ್ಣು ಮುಚ್ಚಿದರೆ ಬಂದದ್ದು ಒಂದೇ ಮಾತು, ಸ್ವಾಮಿ ನನಗೆ ಭಯ ಆಗ್ತಿದೆ. ಅದೇ ಪ್ರಾರ್ಥನೆ ಎಂದು ಅವನಿಗೆ ತಿಳಿಯಲಿಲ್ಲ. ನಾಲ್ಕು ಗಂಟೆಗೆ ಇಸ್ತ್ರಿ ಶರಟು ಹಾಕಿ ಹೊರಟ. ಹುಟ್ಟುಗುಣ ಸುಟ್ಟರೂ ಹೋಗುತ್ತದೆಯೇ, ಗಾಂಧಿ ಬಜಾರಿನಲ್ಲಿ ಕಾಲು ತಾನಾಗಿ ನಿಂತಿತು. ಎರಡು ಕೆಜಿ ಸೇಬು, ಒಂದು ಕೆಜಿ ಜಾಮೂನು, ನಾಲ್ಕು ಮೊಳ ಮಲ್ಲಿಗೆ ಕೊಂಡು ಆಟೋ ಹತ್ತಿದ. ಚಾಮರಾಜಪೇಟೆಯಲ್ಲಿ ಇಳಿದಾಗ ಕೈಯ ಚೀಲಗಳನ್ನು ನೋಡಿಕೊಂಡು ತನ್ನ ಮೇಲೆ ತನಗೇ ಸಿಟ್ಟು ಬಂತು. ವಠಾರದ ಬಾಗಿಲಲ್ಲಿ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದ ಮುನಿಯಮ್ಮನ ಮಡಿಲಿಗೆ ಮೂರನ್ನೂ ಹಾಕಿದ.

"ಏನಪ್ಪಾ, ಯಾರಿಗಾದ್ರೂ ಮದ್ವೇನಾ?" ಎಂದಳು ಅವಳು. ಅವನು ಬರಿಗೈಯಲ್ಲಿ ಒಳಗೆ ಹೋದ.

ವಠಾರ ಬದಲಾಗಿತ್ತು. ಕೊಳಾಯಿಯ ಜಾಗದಲ್ಲಿ ಎರಡು ಸ್ಕೂಟರು ನಿಂತಿದ್ದವು, ನಾಲ್ಕು ಮನೆ ಒಡೆದು ಮೇಲೆ ಎರಡು ಅಂತಸ್ತು ಎದ್ದಿತ್ತು. ಅಕ್ಕನ ಮನೆ ಮಾತ್ರ ಹಾಗೇ. ಕಿಟಕಿಯ ಕೆಳಗೆ ಯಂತ್ರ, ಯಂತ್ರದ ಹಿಂದೆ ಅಕ್ಕ. ಎಂಬತ್ತೊಂದು ವರ್ಷದ ಕಾಲು ಪೆಡಲು ತುಳಿಯುತ್ತಿತ್ತು. ಎಷ್ಟು ಚಿಕ್ಕವಳಾಗಿಬಿಟ್ಟಿದ್ದಾಳೆ ಎಂದುಕೊಂಡ ಜಯಶೀಲ. ಹೊಸ್ತಿಲಲ್ಲಿ ನಿಂತ.

"ಯಾರು, ಜಯನಾ?" ಅಕ್ಕ ಕನ್ನಡಕದ ಮೇಲಿಂದ ನೋಡಿದಳು. "ಬೆಳಕಿಗೆ ಅಡ್ಡ ನಿಂತಿದೀಯ. ಈ ಕಡೆ ಬಾ."

ನಿನ್ನೆ ತಾನೇ ಬಂದು ಹೋದವನಿಗೆ ಹೇಳುವ ಹಾಗೆ ಹೇಳಿದಳು. ಅವನು ಎಡಗಡೆಗೆ ಸರಿದು ನಿಂತ. ಆಟೋದಲ್ಲಿ ಜೋಡಿಸಿಕೊಂಡ ಮಾತೆಲ್ಲ ಹಾರಿಹೋಗಿತ್ತು.

"ಅಕ್ಕ, ತಪ್ಪಾಯ್ತು," ಎಂದ, ಮೆಲ್ಲಗೆ.

"ಏನು?"

"ತಪ್ಪಾಯ್ತು ಅಂದೆ."

"ಗಟ್ಟಿಯಾಗಿ ಹೇಳೋ. ಕಿವಿ ಸರಿ ಇಲ್ಲ ನಂಗೆ."

ಜಯಶೀಲ ಹಿಂದೆ ತಿರುಗಿ ನೋಡಿದ. ಎದುರು ಮನೆಯ ಬಾಗಿಲು ತೆರೆದಿತ್ತು, ಮೇಲಿನ ಅಂತಸ್ತಿನಲ್ಲಿ ಯಾರೋ ಬಟ್ಟೆ ಒಣಹಾಕುತ್ತಿದ್ದರು. ಬಾಗಿಲು ಮುಂದೆ ಮಾಡೋಣ ಅನ್ನಿಸಿತು. ಅವಳಿಗೆ ಎಲ್ಲರ ಎದುರಿಗೆ ಅಂದಿದ್ದೆನಲ್ಲ ಎಂದುಕೊಂಡು ಬಿಟ್ಟ. ಉಸಿರು ಎಳೆದುಕೊಂಡು, ಇಡೀ ಶಾಮಿಯಾನಕ್ಕೆ ಕೇಳಿಸುವ ಆ ಗಂಟಲಲ್ಲಿ ಕೂಗಿದ.

"ತಪ್ಪಾಯ್ತು ಅಕ್ಕ."

ಮೇಲೆ ಬಟ್ಟೆ ಒಣಹಾಕುತ್ತಿದ್ದವರು ಬಗ್ಗಿ ನೋಡಿದರು. ಗೋದಾ ಅವರ ಬಾಗಿಲು ತೆರೆಯಿತು. ಯಾರೋ ಟಿವಿ ಸಣ್ಣಗೆ ಮಾಡಿದರು.

"ಏನು ತಪ್ಪು?" ಎಂದಳು ಅಕ್ಕ.

ಇಲ್ಲಿಗೆ ಬಂದರೆ ತಪ್ಪಿನ ಹೆಸರನ್ನೂ ಹೇಳಬೇಕಾಗುತ್ತದೆಂದು ಅವನು ಎಣಿಸಿರಲಿಲ್ಲ. ಯಂತ್ರದ ಅಂಚನ್ನು ಹಿಡಿದುಕೊಂಡ.

"ಗಂಡ ಬೇಡ ಅಂದೆ. ಎಲ್ಲರ ಮುಂದೆ ನಿನ್ನ ಕಡೆ ಕೈ ತೋರಿಸಿ ಅಂದೆ, ನಗಿಸೋಕೆ. ನೀನು ಮದುವೆ ಆಗ್ದೆ ಇದ್ದಿದ್ದು ನನ್ನಿಂದ. ನನ್ನನ್ನ ಬಿಟ್ಟು ಹೋಗಬಾರ್ದು ಅಂತ. ಬಾಗಿಲ ಹಿಂದೆ ನಿಂತು ಕೇಳಿಸ್ಕೊಂಡಿದ್ದೆ ನಾನು. ಗೊತ್ತಿದ್ದೂ ಅಂದೆ. ಅಂದ್ಮೇಲೆ ಬಂದು ನಿನ್ನ ಕೇಳ್ಲಿಲ್ಲ. ಸಾಮಾನು ಕಳಿಸ್ದೆ. ಕ್ಷಮಿಸು ಅಕ್ಕ."

ಜಯಶೀಲನ ಜೀವಮಾನದಲ್ಲಿ ಅವನ ಮಾತಿಗೆ ಯಾರೂ ನಗದೆ ಇದ್ದದ್ದು ಅದೇ ಮೊದಲು. ಅಕ್ಕ ಸೂಜಿಯಡಿಯಿಂದ ಬಟ್ಟೆ ಬಿಡಿಸಿ, ದಾರ ಕತ್ತರಿಸಿ, ಕನ್ನಡಕ ತೆಗೆದಿಟ್ಟಳು.

"ಮೊದಲನೇ ಸಲಾನೇ ಕೇಳಿಸ್ತು ಕಣೋ."

"ಮತ್ತೆ?"

"ಇನ್ನೊಂದ್ಸಲ ಕೇಳೋಣ ಅನ್ನಿಸ್ತು. ಮುಂದಿನ ವರ್ಷ ಕೇಳಿಸುತ್ತೋ ಇಲ್ವೋ."

ಜಯಶೀಲ ನೆಲದ ಮೇಲೆ ಕುಸಿದು ಕೂತ, ಬಿಗಿಪಟ್ಟಿಯ ಮೊಣಕಾಲುಗಳು ಹೇಗೆ ಮಡಚಿದವೋ. ಅವನು ಅತ್ತ, ಮುಚ್ಚುಮರೆ ಇಲ್ಲದೆ, ಮೂಗು ಸೋರಿಸಿಕೊಂಡು. ಅಕ್ಕ ಹೊಲಿಯುತ್ತಿದ್ದ ಯೂನಿಫಾರಮ್ಮಿನ ತುಂಡೊಂದನ್ನು ಅವನ ಕೈಗೆ ಕೊಟ್ಟಳು.

"ಕ್ಷಮಿಸ್ತೀಯಾ?"

"ಅವತ್ತೇ ಸಾಯಂಕಾಲ ಕ್ಷಮಿಸಿದ್ದೆ. ಮಧ್ಯಾಹ್ನದಿಂದ ಅತ್ತಿದ್ದು ಸಾಕಾಗಿ ಪ್ರಾರ್ಥನೆಗೆ ಕೂತೆ, ಎದ್ದಾಗ ಮನಸ್ಸಲ್ಲಿ ಏನೂ ಇರ್ಲಿಲ್ಲ. ನೀನು ಬರ್ತೀಯ ಅಂತ ಉಪ್ಪಿಟ್ಟು ಮಾಡಿದೆ. ಎಂಟು ಗಂಟೆ ತನಕ ಕಾದೆ. ಆರಿಹೋಯ್ತು."

"ಹಾಗಾದ್ರೆ ಕಳಿಸಿದ್ದನ್ನೆಲ್ಲ ಯಾಕೆ ವಾಪಸ್ ಕಳಿಸ್ದೆ?"

ಅಕ್ಕ ಅವನನ್ನು ದಡ್ಡನನ್ನು ನೋಡುವಂತೆ ನೋಡಿದಳು. "ಕೊಟ್ಟಾಗಿರೋದಕ್ಕೆ ಯಾರಾದ್ರೂ ಬೆಲೆ ತಗೋತಾರೇನೋ? ಸ್ವಾಮಿ ನಂಗೆ ಬಿಟ್ಟಿ ಕೊಟ್ಟ, ನಾನು ನಿಂಗೆ ಬಿಟ್ಟಿ ಕೊಟ್ಟೆ. ನೀನು ನೋಡಿದ್ರೆ ಬೀರು ಹೊರಿಸ್ಕೊಂಡು ಬರ್ತೀಯ."

ಹೊರಗೆ ಗೋದಾ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ಅಕ್ಕ ಒಲೆ ಹಚ್ಚಿ ಬಾಣಲೆ ಇಟ್ಟಳು. "ನಾಳೆ ಕರ್ತನ ಭೋಜನಕ್ಕೆ ಮೇಜಿನ ಹತ್ರ ಒಟ್ಟಿಗೆ ಹೋಗೋಣ," ಎಂದಳು. "ಕೆಮ್ಮು ಗಿಮ್ಮು ಅಂತ ಎದ್ದು ಹೋಗ್ಬೇಡ." ಅವಳಿಗೆ ಅದೂ ಗೊತ್ತಿತ್ತು.

ರವೆ ಹುರಿಯುತ್ತಾ ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು, "ಎಷ್ಟು ಸುರಿದಿದೀಯೋ ಒಟ್ಟು? ಆಟೋ, ಕೂಲಿ, ಆಸ್ಪತ್ರೆ, ಈ ಮಷೀನು ಎಲ್ಲ ಸೇರಿ."

ಜಯಶೀಲ ಮೂಗು ಒರೆಸಿಕೊಂಡು ಅಂದಾಜು ಹೇಳಿದ. ಅಕ್ಕ ಸೌಟು ಹಿಡಿದೇ ಅವನ ಕಡೆ ತಿರುಗಿದಳು.

"ಹುಚ್ಚಪ್ಪ," ಎಂದಳು. "ನಿಮ್ಮನೆಯಿಂದ ಇಲ್ಲಿಗೆ ನಡ್ಕೊಂಡ್ ಬಂದ್ರೆ ಅರ್ಧ ಗಂಟೆ."